ಪಟ್ಟಿಯಿಂದ ಒಂದು ಹೆಸರು

ಅಮೆರಿಕದ ಎಡಿಸನ್ ಊರಿನ ಇಂಡಿಯನ್ ಅಂಗಡಿಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆಯ ವಾಸನೆ ಬಂದರೆ ನಾನು ಈಗಲೂ ಬೇರೆ ಸಾಲಿಗೆ ಹೋಗಿಬಿಡುತ್ತೇನೆ.

ನನಗೆ ಆಗ ಹತ್ತು ವರ್ಷ. ಪಕ್ಕದ ಅಪಾರ್ಟ್‌ಮೆಂಟಿನ ಸುಧಾ ಆಂಟಿ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದರು. ಆ ವಾರ ಲೂಪ್ ಕಲಿಸಿದ್ದರು. ಕಂಪ್ಯೂಟರ್ ಹೆಸರು ಕೇಳುತ್ತಲೇ ಇರುತ್ತದೆ, ಟೈಪ್ ಮಾಡಿದ್ದನ್ನೆಲ್ಲ ಪಟ್ಟಿಗೆ ಸೇರಿಸಿಕೊಳ್ಳುತ್ತದೆ, ಏನೂ ಬರೆಯದೆ ಎಂಟರ್ ಒತ್ತಿದರೆ ನಿಲ್ಲುತ್ತದೆ.

ವರಮಹಾಲಕ್ಷ್ಮಿ ಹಬ್ಬದ ಅರಿಸಿನ ಕುಂಕುಮಕ್ಕೆ ಯಾರನ್ನು ಕರೆಯಬೇಕೆಂದು ಅಮ್ಮ ವೀಳ್ಯದೆಲೆ ಒರೆಸುತ್ತ ಹೇಳಿದಳು. ನಾನು ಒಂದೊಂದೇ ಹೆಸರು ಟೈಪ್ ಮಾಡಿದೆ. ಕೊನೆಗೆ ಸುಧಾ ಆಂಟಿಯ ಹೆಸರನ್ನು ನಾನಾಗಿಯೇ ಸೇರಿಸಿದೆ. ಅಮ್ಮ ಪರದೆ ನೋಡಿದಳು.

“ಅವರದ್ದು ತೆಗಿ. ಅಂಕಲ್ ಹೋಗ್ಬಿಟ್ರಲ್ಲ, ಇನ್ಮೇಲೆ ಇದಕ್ಕೆಲ್ಲ ಅವರನ್ನ ಕರೆಯೋ ಹಾಗಿಲ್ಲ. ಬಂದವರು ಏನಂದ್ಕೋತಾರೆ?”

ಸೇರಿಸುವುದು ಗೊತ್ತಿತ್ತು, ತೆಗೆಯುವುದು ಗೊತ್ತಿರಲಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಮನೆಗೆ ಹೋದೆ.

“ಆಂಟಿ, ಹೌ ಡು ಐ ರಿಮೂವ್ ಎ ನೇಮ್?”

“ಯಾರದು ಪುಟ್ಟಿ?”

“ಯುವರ್ಸ್.”

ಆಂಟಿ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಅದರಲ್ಲಿದ್ದವರೆಲ್ಲ ಅಂಕಲ್ ತೀರಿಕೊಂಡ ಚಳಿಗಾಲದಲ್ಲಿ ಅವರ ಮನೆಗೆ ಸರದಿಯ ಮೇಲೆ ಸಾರು ಅನ್ನ ತಂದುಕೊಟ್ಟವರೇ. ಆಮೇಲೆ ನನಗೊಂದು ಕುರ್ಚಿ ಎಳೆದರು.

“ಕೂತ್ಕೋ. ರಿಮೂವ್ ಅಂತ ಬರೆದು ಬ್ರಾಕೆಟ್ ಒಳಗೆ ನನ್ನ ಹೆಸರು ಹಾಕು. ಸೇರಿಸಿದಾಗ ಹೇಗೆ ಬರೆದಿದ್ಯೋ ಹಾಗೇ ಬರಿ, ಇಲ್ಲಾಂದ್ರೆ ಹೋಗಲ್ಲ.”

ಬರೆದೆ. ಹೋಯಿತು. ಮೊದಲ ಸಲಕ್ಕೇ ಸರಿ ಬಂತೆಂದು ನಾನು ಕುಣಿದೆ. ಆಂಟಿ ಚಪ್ಪಾಳೆ ತಟ್ಟಿದರು.