ಹೊಂದಿಕೊಳ್ಳದ ಗುಂಡಿ

ಇದು ತೂಬಗೆರೆ ಸೀಮೆಯಲ್ಲಿ ನಡೆದದ್ದೇ. ಒಂದು ಮಾತು ಸುಳ್ಳಾದರೂ ಈ ಜನ್ಮಕ್ಕೆ ನನ್ನ ಮುದ್ದೆಗೆ ಸಾರು ಸಿಗದಿರಲಿ.

ಅಕ್ಷತ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಮಣ್ಣು ಪರೀಕ್ಷೆಗೆ ಗುಂಡಿ ಕೊರೆದಿದ್ದ ಚಿಕ್ಕಬೀರಪ್ಪ ಕೆರೆ ಏರಿಯಿಂದ ಇಳಿದು ಸರಸರ ನಡೆಯತೊಡಗಿದ್ದ. ಅವಳನ್ನು ನೋಡಿಯೇ ನಡೆದದ್ದು.

"ನಿಂತ್ಕೊಳ್ಳಿ ಬೀರಣ್ಣ. ಬೈಯಕ್ಕೆ ಬಂದಿಲ್ಲ."

"ಬೈಯಕ್ಕೆ ಬಂದೋರೆಲ್ಲ ಹಂಗೇ ಅನ್ನೋದು ಮೇಡಮ್ಮ."

ನಿಜ ಹೇಳಬೇಕೆಂದರೆ ಬೈಗುಳ ಸಲ್ಲಬೇಕಾಗಿದ್ದದ್ದು ಅವಳಿಗೇ.

ದೇವನಹಳ್ಳಿಯ ಸಣ್ಣ ಕಚೇರಿಯೊಂದರಲ್ಲಿ ಅವಳ ಕೆಲಸ. ನೆಲದೊಳಗಿನ ಪದರಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಈ ಕೆರೆಯ ಏರಿ ಎತ್ತರಿಸಬೇಕಿತ್ತು. ಹೆಚ್ಚಿದ ನೀರು ಏರಿಯ ಅಡಿಯಿಂದ ನುಸುಳುತ್ತದೋ ಇಲ್ಲವೋ ಎಂದು ಅವಳು ಹೇಳಬೇಕಿತ್ತು. ಮೇಲೆ ಕೆಮ್ಮಣ್ಣು, ಅದರಡಿ ನೀರು ತಡೆಯುವ ಜೇಡಿ, ಅದರಡಿ ಮರಳು, ಆಮೇಲೆ ಬಂಡೆ. ಪದರವೆಲ್ಲ ಊರಗಲ, ದಪ್ಪ ಮಾತ್ರ ಹಪ್ಪಳದಷ್ಟು. ಅದಕ್ಕೆ ಮೆಶ್, ಅಂದರೆ ಲೆಕ್ಕದ ಬಲೆ, ಹಾಕುವುದೆಂದರೆ ಇಡೀ ನೆಲವನ್ನು ಪರದೆಯ ಮೇಲೆ ಚೂರುಚೂರಾಗಿ ಕತ್ತರಿಸುವುದು. ಚೂರುಗಳೂ ಪದರದ ಹಾಗೇ ಇರಬೇಕು. ಅಡ್ಡಕ್ಕೆ ಉದ್ದ, ಮೇಲಕ್ಕೆ ತೆಳು.

ಕೆರೆಯ ಸುತ್ತ ಗೂಟ ಹೊಡೆದು ಕೊರೆಸಿದ ಗುಂಡಿಗಳ ಮಣ್ಣೆಲ್ಲ ಒಂದೇ ತಾಯಿಯ ಮಕ್ಕಳಂತೆ ಹೊಂದಿಕೊಂಡಿತ್ತು. ಏರಿಯ ಬುಡದ ಗುಂಡಿ ಮಾತ್ರ ಮೊಂಡು. ಅಲ್ಲಿ ಜೇಡಿಯೇ ಇಲ್ಲ, ಕೆಮ್ಮಣ್ಣಿನ ಕೆಳಗೆ ನೇರ ಮರಳು. ಮೆಶ್ ಅಲ್ಲಿಗೆ ಬಂದ ಕೂಡಲೇ ಜೇಡಿಯ ತಳ ಜೇಡಿಯ ತಲೆಯ ಮೇಲೆ ಹತ್ತಿ ಕೂರುತ್ತಿತ್ತು. ಚೂರುಗಳು ಹಂಚಿಗೆ ಅಂಟಿದ ಹಸಿ ರೊಟ್ಟಿಯಂತೆ ಮಡಚಿಕೊಂಡು ಒಳಗು ಹೊರಗಾಗುತ್ತಿದ್ದವು. ಚೂರುಗಳನ್ನು ಸಣ್ಣದು ಮಾಡಿ ನೋಡಿದಳು. ಕಂಪ್ಯೂಟರ್ ಮೇಲೆ ಇಡ್ಲಿ ಬೇಯಿಸಬಹುದಿತ್ತು, ಅಷ್ಟು ಬಿಸಿಯಾಯಿತು. ಉದ್ದ ಎಳೆದಳು, ಸೂಜಿಗಳಾದವು. ಪದರ ಇಷ್ಟಕ್ಕಿಂತ ತೆಳುವಾಗಕೂಡದೆಂದು ಕಟ್ಟಳೆ ಹಾಕಿದಳು. ಮಡಿಕೆ ಪಕ್ಕಕ್ಕೆ ಸರಿಯಿತು, ಅಷ್ಟೆ.

ಕೊನೆಗೆ ಎಲ್ಲರೂ ಊಟಕ್ಕೆ ಎದ್ದಾಗ ಆ ಗುಂಡಿಗೂ ಅಕ್ಕಪಕ್ಕದವಕ್ಕಿದ್ದಷ್ಟೇ ಜೇಡಿ ತುಂಬಿಬಿಟ್ಟಳು. ಮೆಶ್ ಬೆಣ್ಣೆಯಂತೆ ಕೂತಿತು. ನೀರು ನುಸುಳುವುದಿಲ್ಲ ಎಂದು ಲೆಕ್ಕ ಬಂತು. ಕಚೇರಿಯ ಯಜಮಾನ ಆನಂದ್ ಖುಷಿಗೆ ಬೆಣ್ಣೆ ಬಿಸ್ಕತ್ತು ತರಿಸಿದ. ಅವಳು ಅದನ್ನು ಮುಟ್ಟಲಿಲ್ಲ. ವರದಿ ಕಳಿಸಲು ಸ್ವಲ್ಪ ತಡೆಯಿರಿ ಎಂದವಳೇ, ಗುಂಡಿ ಕೊರೆದವನನ್ನೇ ಕೇಳಿಬಿಡೋಣವೆಂದು ಸ್ಕೂಟರ್ ಹತ್ತಿದ್ದಳು.

ಏರಿಯ ಕೆಳಗಿನ ಒಂಟಿ ಮನೆಯಿಂದ ಸೊಣ್ಣಮ್ಮ ಎಂಬ ಮುದುಕಿ ಮಜ್ಜಿಗೆ ತಂದಳು. "ಏರಿ ಎತ್ರ ಆದ್ರೆ ನಮ್ಮನೆಗೇನೂ ಆಗಲ್ವಲ್ಲಮ್ಮ? ಮೊಮ್ಮಕ್ಕಳು ಮಲಗೋ ಕೋಣೆ ಆ ಕಡೆಗೇ ಐತೆ."

"ಏನೂ ಆಗಲ್ಲ ಅಂತ ಕಂಪ್ಯೂಟರ್ ಹೇಳೈತೆ ಅಜ್ಜಿ."

"ನೀನೇನಂತೀಯ?"

ಅಕ್ಷತ ಮಜ್ಜಿಗೆ ಕುಡಿದಳು. ಲೋಟ ಖಾಲಿಯಾದ ಮೇಲೂ ಕುಡಿದಳು.

ಸೊಣ್ಣಮ್ಮ ಚಿಕ್ಕಬೀರಪ್ಪನ ಕಡೆ ತಿರುಗಿದಳು. "ಏನಪ್ಪಾ, ಗೋಮಾಳದ ಹೊಂಗೆ ಮರದಡಿ ಹೆಗ್ಗಣ ಸಾಕಿದ್ದೀಯಾ? ಕರು ಕಟ್ಟಂಗಿಲ್ಲ, ಬರೀ ತೂತು, ಕಾಲು ಸಿಕ್ಕಾಕೊಳ್ತೈತೆ."

ಚಿಕ್ಕಬೀರಪ್ಪ ಕೆಮ್ಮಿದ. ಮುದುಕಿ ಲೋಟ ಎತ್ತಿಕೊಂಡು ಹೋಗುವವರೆಗೂ ಕೆಮ್ಮಿದ.

"ನಿಜ ಹೇಳಿ ಬೀರಣ್ಣ," ಅಂದಳು ಅಕ್ಷತ. "ನಾವು ಗೂಟ ಹೊಡೆದ ಜಾಗದಲ್ಲೇ ಕೊರೆದ್ರಾ?"

ಅವನು ಅಲ್ಲೇ ಕುಕ್ಕರಿಸಿದ. "ಯಾರ್ ಹೇಳುದ್ರು?"

"ಮೆಶ್ ಹೇಳ್ತು."

"ಅವನ್ಯಾವನೋ ಗೊತ್ತಿಲ್ಲ, ಆದ್ರೆ ಸರಿಯಾಗೇ ಹೇಳವ್ನೆ." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಾಗರಕಲ್ಲು ಮುಂದೆ ಗೂಟ ಹೊಡೆದಿದ್ರಿ. ಘಾಟಿ ಸುಬ್ಬಪ್ಪನ್ನ ಪಕ್ಕದಲ್ಲೇ ಇಟ್ಕೊಂಡು ನಾಗಪ್ಪನ ತಲೆ ಮೇಲೆ ಕಬ್ಬಿಣ ಇಳಿಸ್ಲಾ? ನಂಗೂ ಹೆಂಡ್ತಿ ಮಕ್ಳವ್ರೆ. ಬೇರೆ ಕಡೆ ಕೊರೆದೆ, ನಿಮ್ ಜಾಗದ ಹೆಸರಲ್ಲೇ ಮಣ್ಣು ಕೊಟ್ಟೆ. ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ."

ಅಕ್ಷತಳ ಎದೆಯ ಮೇಲಿಂದ ರುಬ್ಬುಗುಂಡು ಇಳಿದಂತಾಯಿತು. ಹಾಗಾದರೆ ಆ ಗುಂಡಿಯೇ ಸುಳ್ಳು. ಮೆಶ್ ಹಟ ಮಾಡಿದ್ದು ಸುಮ್ಮನೆ ಅಲ್ಲ. ಅವಳು ಕದ್ದು ತುಂಬಿದ ಜೇಡಿಯೇ ನಿಜ. ನಿಂತಲ್ಲಿಂದಲೇ ಆನಂದನಿಗೆ ಫೋನ್ ಮಾಡಿದಳು.

"ಸರ್, ವರದಿ ಕಳಿಸ್ಬಿಡಿ."

"ಇದೋ ಕಳಿಸ್ದೆ ಕಣಮ್ಮ. ಮಣ್ಣಿನ ಲಾರಿಗಳು ತಯಾರಾಗೇ ನಿಂತವೆ."

ಅವಳಿಗೆ ಚಿಕ್ಕಬೀರಪ್ಪನ ಮೇಲೆ ಮುದ್ದೇ ಬಂತು. "ಹೋಗ್ಲಿ ಬಿಡಿ ಬೀರಣ್ಣ, ಯಾರಿಗೂ ಹೇಳಲ್ಲ. ಏರಿ ಬುಡದ ಗುಂಡಿ ಒಂದು ತಾನೇ. ನಾನು ಸರಿ ಮಾಡಿದ್ದೀನಿ."

ಚಿಕ್ಕಬೀರಪ್ಪ ಅವಳ ಮುಖವನ್ನೇ ನೋಡಿದ.

"ಏರಿ ಬುಡದಲ್ಲಿ ನಾಗಪ್ಪ ಎಲ್ಲವ್ನೆ ಮೇಡಮ್ಮ? ಮಿಕ್ಕ ಗೂಟಗಳೇ ಒಂದು ನಾಗರಕಲ್ಲ ಹತ್ರ, ಒಂದು ಹುತ್ತದ ಮೇಲೆ, ಒಂದು ಯಾರದೋ ತಾತನ ಸಮಾಧಿ ಮೇಲೆ ಇದ್ದಿದ್ದು. ಅವನ್ನೆಲ್ಲ ಗೋಮಾಳದಲ್ಲೇ ಒಂದೇ ಕಡೆ ಕೊರೆದ್ಬಿಟ್ಟೆ. ನಿಮ್ ಗೂಟದ ಮೇಲೇ ಕೊರೆದಿದ್ದು ಏರಿ ಬುಡದ್ದೊಂದೇ. ನಿಜವಾದ ಮಣ್ಣು ಅಂದ್ರೆ ಅದೊಂದೇ."

ಅಕ್ಷತ ಫೋನ್ ಒತ್ತುತ್ತಲೇ ಇದ್ದಾಳೆ, ಆನಂದ್ ಎತ್ತುತ್ತಿಲ್ಲ. ಬಿಟ್ಟಿ ಕಥೆ ಕೇಳಿದ್ದು ಸಾಕು, ಎದ್ದು ಹೋಗಿ ಆ ಲಾರಿಗೆ ಅಡ್ಡ ನಿಲ್ಲಿ.