ಸೀರೆ ನಾಲ್ಕು, ಮೊಳ ಹದಿನಾರು

“ಉತ್ತರ ಬರಿ ಅಂದ್ರ ತಕರಾರು ಬರದೀಯಲ್ಲವಾ!” ಎಂದು ರಾಚಪ್ಪ ಸರ್ ರೆಕಾರ್ಡ್ ಪುಸ್ತಕವನ್ನು ಮುಬಶೀರಾಳ ಕಡೆ ತಿರುಗಿಸಿದರು. ಕಂಪ್ಯೂಟರ್ ಕ್ಲಾಸಿನ ಅರವತ್ತು ಮಂದಿಯಲ್ಲಿ ಐವತ್ತೊಂಬತ್ತು ಮಂದಿ ಮೊದಲನೇ ಪ್ರೋಗ್ರಾಮಿನ ಉತ್ತರ ಅರವತ್ನಾಲ್ಕು ಎಂದು ದುಂಡಗೆ ಬರೆದಿದ್ದರು. ಈ ಹುಡುಗಿ ಮಾತ್ರ ಉತ್ತರದ ಜಾಗದಲ್ಲಿ ‘ನೇಮ್ ಸೀರಿ ಈಸ್ ನಾಟ್ ಡಿಫೈನ್ಡ್’ ಎಂದು ಬರೆದಿದ್ದಳು. ಸರ್ ಆಗಲೇ ಅದರ ಮೇಲೆ ಕೆಂಪು ಗೀಟು ಎಳೆದಾಗಿತ್ತು. ಅವರ ಸಹಿ ಇಲ್ಲದ ರೆಕಾರ್ಡು ಹಿಡಿದು ಬಂದವರನ್ನು ನಾಳೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡಿಸುವುದಿಲ್ಲ.

“ಮಿಷನ್ ಹಂಗ ಅಂತೈತ್ರಿ ಸರ್,” ಎಂದಳು ಮುಬಶೀರಾ.

“ಯಾವ ಮಿಷನ್?”

“ಖಲೀಲ ಚಾಚಾನ ಅಂಗಡೀದ್ರಿ. ಪಹಣಿ, ಆಧಾರ ತಗಸ್ತಾರಲ್ರಿ, ಅಲ್ಲಿ. ನೀವು ಬೋರ್ಡಿನ ಮ್ಯಾಲ ಬರದಿದ್ದು ಹಂಗ ಟೈಪ್ ಮಾಡಿ ನಡಸಿದ್ನಿರಿ.”

“ಪಹಣಿ ತಗಿಯೋ ಮಿಷನ್ನಿಗೆ ಪೈಥಾನ್ ಏನ್ ತಿಳೀತೈತಿ? ಬಾ, ಖರೇ ಮಿಷನ್ ತೋರಸ್ತೇನಿ.”

ಆ ಪ್ರೋಗ್ರಾಮಿನ ಮೇಲೆ ರಾಚಪ್ಪ ಸರ್‌ಗೆ ಹೆತ್ತ ಮಗುವಿನ ಮೋಹ. ಪುಸ್ತಕದಲ್ಲಿದ್ದ ಸೇಬುಹಣ್ಣನ್ನು ಕಿತ್ತುಹಾಕಿ ಇಳಕಲ್ಲಿನ ಮಕ್ಕಳಿಗೆ ತಿಳಿಯಲೆಂದು ಸೀರೆ ಇಟ್ಟಿದ್ದರು. ಮೂರೇ ಸಾಲು: ಸೀರೆ ಅಂದರೆ ನಾಲ್ಕು, ಮೊಳ ಅಂದರೆ ಹದಿನಾರು, ಎರಡನ್ನೂ ಗುಣಿಸಿ ತೋರಿಸು. ಹೆಸರುಗಳೂ ಕನ್ನಡದವೇ, ಅಕ್ಷರ ಮಾತ್ರ ಇಂಗ್ಲಿಷು. ಏಳು ವರ್ಷದಿಂದ ಚೀಟಿ ನೋಡದೆ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದರು. ಕಾಲೇಜಿನಲ್ಲಿದ್ದ ಎರಡು ಕಂಪ್ಯೂಟರು ಆಫೀಸಿನ ಪಗಾರ ಬಿಲ್ಲಿಗೇ ಸಾಲುತ್ತಿರಲಿಲ್ಲ. ಹಾಗಾಗಿ ಅವರು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತದ್ದು ಪುಸ್ತಕದಿಂದ, ಕಲಿಸಿದ್ದು ಸುಣ್ಣದ ಕಡ್ಡಿಯಿಂದ. ಹೊಸ ಕಂಪ್ಯೂಟರು ಹನ್ನೆರಡು ಬಂದು ಮೂರು ತಿಂಗಳಾಗಿತ್ತು. ಉದ್ಘಾಟನೆಗೆ ಎಮ್ಮೆಲ್ಲೆಯವರ ತಾರೀಖು ಸಿಗದೆ ಲ್ಯಾಬಿನಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತಿದ್ದವು.

“ಮುಸುಕು ತಗಿಯೂದು ಸಾಹೇಬ್ರ ಕೆಲಸಲ್ರೀ ಸರ್?” ಎಂದ ಲ್ಯಾಬಿನ ಅಟೆಂಡರ್ ಅಹ್ಮದಸಾಬ.

“ಒಂದರದು ತಗಿ. ಉಳದ ಹನ್ನೊಂದು ಅವರಿಗಿರ್ಲಿ.”

ಸರ್ ಒಂದೇ ಬೆರಳಿನಿಂದ, ಬೋರ್ಡಿನ ಮೇಲೆ ಬರೆಯುವಂತೆಯೇ ಮೂರೂ ಸಾಲು ಹೊಡೆದರು. ಕಡೆಯ ಗುಂಡಿ ಒತ್ತಿದರು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ನೇಮ್ ಸೀರಿ ಈಸ್ ನಾಟ್ ಡಿಫೈನ್ಡ್.

ಸರ್ ಕನ್ನಡಕ ಒರೆಸಿಕೊಂಡರು. ಅಕ್ಷರ ಅಲ್ಲೇ ಇತ್ತು.

“ಸೀರಿ ನಾಕು, ಬರೋಬ್ಬರಿ. ಮೊಳ ಹದಿನಾರು, ಬರೋಬ್ಬರಿ. ಸೀರಿ ಗುಣಲೆ ಮೊಳ. ಎಲ್ಲೈತಿ ತಪ್ಪು?” ಮೂರು ಸಲ ಗಟ್ಟಿಯಾಗಿ ಓದಿದರು.

“ಓದಬ್ಯಾಡ್ರಿ ಸರ್, ನೋಡ್ರಿ,” ಎಂದಳು ಹುಡುಗಿ. “ಮೊದಲನೇ ಸಾಲಿನ್ಯಾಗ ಪುಸ್ತಕದ ಸೀರೆ ಐತ್ರಿ. ಮೂರನೇದ್ರಾಗ ನಮ್ಮನಿ ಸೀರಿ. ಕಡೀ ಅಕ್ಷರ ಬ್ಯಾರೆರಿ. ನೀವು ಎರಡಕ್ಕೂ ಸೀರಿ ಅಂತ ಓದ್ತೀರಿ. ಮಿಷನ್ನಿಗೆ ಸೀರೆ ಗೊತ್ತು, ಸೀರಿ ಯಾರೋ ಗೊತ್ತಿಲ್ರಿ.”

ರಾಚಪ್ಪ ಸರ್ ಸ್ಟೂಲು ಎಳೆದುಕೊಂಡು ಕೂತರು. ಏಳು ವರ್ಷ. ವರ್ಷಕ್ಕೆ ಅರವತ್ತು ರೆಕಾರ್ಡು. ಈ ಒಂದು ಬಿಟ್ಟರೆ ಅಷ್ಟರಲ್ಲೂ ಅರವತ್ನಾಲ್ಕು, ಅಷ್ಟಕ್ಕೂ ಅವರದೇ ಕೈಯ ಕೆಂಪು ರೈಟ್ ಮಾರ್ಕು.

“ಹಂಗಾದ್ರ ಅಷ್ಟೂ ಮಂದಿಗೆ ಅರವತ್ನಾಕು ಎಲ್ಲಿಂದ ಬಂತೋ ಅಹ್ಮದಸಾಬ?”

“ಬಾಯಿಲೆಕ್ಕರಿ ಸರ್. ಹದಿನಾರ ನಾಕ್ಲೆ ಅರವತ್ನಾಕು. ನನಗೂ ಬರ್ತೈತಿ.”

ಸರ್ ಒಂದಕ್ಷರ ಅಳಿಸಿ, ಒಂದಕ್ಷರ ಹೊಡೆದರು. ಪರದೆಯ ಮೇಲೆ ಮೊಟ್ಟಮೊದಲ ಸಲ, ಮನುಷ್ಯರ ಸಹಾಯವಿಲ್ಲದೆ, ಅರವತ್ನಾಲ್ಕು ಬಂತು. ಆಮೇಲೆ ಮುಬಶೀರಾಳ ರೆಕಾರ್ಡಿನಲ್ಲಿ ತಾವೇ ಎಳೆದ ಗೀಟಿನ ಪಕ್ಕ ‘ಸರಿ’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಅವಳು ಸಲಾಮು ಮಾಡಿ ಓಡಿದಳು.

“ಎಲ್ಲಾ ಮುಸುಕು ತಗಿ,” ಎಂದರು ಅಹ್ಮದಸಾಬನಿಗೆ. “ಎಮ್ಮೆಲ್ಲೆ ಕೇಳಿದ್ರ ನಾ ಮಾತಾಡ್ತೇನಿ. ಇವತ್ತು ಒಬ್ಬೊಬ್ಬರ ಕೈಲಿಂದ ಇದನ್ನ ನಡಸಿ, ತಪ್ಪು ನಂದು ಅಂತ ಹೇಳಿನ ಸಹಿ ಮಾಡಾಂವ.”

ಹನ್ನೆರಡೂ ಕಂಪ್ಯೂಟರು ಚಾಲೂ ಮಾಡಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಹುಡುಗರನ್ನು ಕರೆಯಲು ಸರ್ ಹೊರಗೆ ಬಂದರೆ, ಕ್ಲಾಸಿನ ಮುಂದಾಳು ಮಹಾದೇವಿ ಐವತ್ತೊಂಬತ್ತು ರೆಕಾರ್ಡುಗಳನ್ನು ಗದ್ದದವರೆಗೆ ಒಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಮುಬಶೀರಾಳ ಉತ್ತರ ಸರಿ ಅಂದ್ರಂತಲ್ರಿ ಸರ್. ನಾವೂ ಎಲ್ಲಾರೂ ತಿದ್ದೇವ್ರಿ. ಸಹಿ ಮಾಡಿಬಿಡ್ರಿ, ಬಸ್ಸಿಗೆ ಹೊತ್ತಾತು.”

ಸರ್ ಮೇಲಿನದನ್ನು ತೆರೆದರು. ಅರವತ್ನಾಲ್ಕರ ಮೇಲೆ ವೈಟ್ನರ್ ಬಳಿದು, ಅದರ ಮೇಲೆ ದುಂಡಗೆ ಬರೆದಿತ್ತು: ನೇಮ್ ಸೀರಿ ಈಸ್ ನಾಟ್ ಡಿಫೈನ್ಡ್. ಎರಡನೆಯದು, ಹತ್ತನೆಯದು, ಕಟ್ಟಕಡೆಯದು, ಎಲ್ಲ ಅದೇ. ವೈಟ್ನರ್ ಇನ್ನೂ ಹಸಿಯಾಗಿತ್ತು. ಪುಟ ತಿರುವಿದ ಅವರ ಬೆರಳುಗಳೆಲ್ಲ ಬಿಳಿಯಾದವು.