ಕಾನ್ಹೇರಿಯ ಕಂಬದ ಮೇಲೆ

"ಚೀಲ ಬಿಚ್ಚಿ, ಅಮ್ಮ."

ವನಮಾಲಾ ಚೀಲವನ್ನು ಎದೆಗೆ ಒತ್ತಿಕೊಂಡಳು. ಕಾನ್ಹೇರಿ ಗುಹೆಗಳ ಕಾವಲುಗಾರ ಅಂಗಾರ ಕೈ ಚಾಚಿ ನಿಂತೇ ಇದ್ದ. ಮೊದಲು ಮರಾಠಿಯಲ್ಲಿ ಗದರಿದ್ದ. ಅವಳ ಬಾಯಿಂದ "ಅಯ್ಯೋ ದೇವರೇ" ಎಂದು ಬಂದದ್ದೇ ಕನ್ನಡಕ್ಕೆ ತಿರುಗಿದ್ದ.

ಕೊನೆಗೆ ಅವಳೇ ತೆಗೆದು ಕೊಟ್ಟಳು. ಮೊದಲು ಹಿತ್ತಾಳೆಯ ಊಟದ ಡಬ್ಬಿ. ಅದರಡಿಯಿಂದ ಒಂದು ಉಳಿ.

"ನನಗೆ ಆಗಲೇ ಅಂದಾಜಾಗಿತ್ತು," ಎಂದ ಅಂಗಾರ. "ಹೋದ ವಾರವೂ ಈ ಕಂಬದ ಎದುರೇ ನಿಂತಿದ್ರಿ. ಓದಿದವರ ಹಾಗೆ ಕಾಣ್ತೀರಿ. ಎಂತ ಕೆತ್ತಲಿಕ್ಕೆ ಬಂದದ್ದು? ಹೆಸರಾ?"

"ಕೆತ್ತಲಿಕ್ಕಲ್ಲ. ಅಳಿಸಲಿಕ್ಕೆ."

ಅಂಗಾರ ಕಂಬದ ಕಡೆ ನೋಡಿದ. ಎದೆಯೆತ್ತರದಲ್ಲಿ ಎರಡು ಹೆಸರುಗಳು, ಚಾಕುವಿನ ಮೊನೆಯಿಂದ ಗೀಚಿದ ಕನ್ನಡ ಅಕ್ಷರಗಳು. ರಮಾನಾಥ. ಅದರ ಕೆಳಗೆ ನೀಲಾವತಿ. ಮೇಲಿನ ಹೆಸರಿನ ಕೊನೆಯಲ್ಲಿ ಮೀನಿನ ಬಾಲದಂತೆ ಬಾಗಿದ ಒಂದು ಗೆರೆ.

ಈ ಗುಹೆಗಳಲ್ಲಿ ಹೆಸರುಗಳಿಗೆ ಬರವಿಲ್ಲ. ನೀರಿನ ತೊಟ್ಟಿ ಕಡಿಸಿಕೊಟ್ಟ ವರ್ತಕ, ಗುಹೆಯನ್ನೇ ದಾನ ಕೊಟ್ಟ ಭಿಕ್ಷುಣಿ, ಹೀಗೆ ಏನಾದರೂ ಕೊಟ್ಟವರ ಹೆಸರುಗಳು. ಅವನ್ನೆಲ್ಲ ವನಮಾಲಾ ಎಂ.ಎ.ಗೆ ಓದಿದ್ದಳು. ಓದಿದವಳೆಂದೇ ಕಾಲೊನಿಯ ಮಹಿಳಾ ಸಮಾಜದವರು ಹೋದ ತಿಂಗಳು ಅವಳಿಂದ ಭಾಷಣ ಮಾಡಿಸಿದ್ದರು. ಪಿರಮಿಡ್ಡು, ಅಥೆನ್ಸಿನ ಕಂಬಗಳು, ಜಾವಾದ ಬೊರೊಬುದೂರ್. ಈಜಿಪ್ಟಿನಲ್ಲೊಂದು ಪ್ರತಿಮೆಯ ಕಾಲಿನ ಮೇಲೆ ಗ್ರೀಕ್ ಸೈನಿಕರು ಎಂದೋ ತಮ್ಮ ಹೆಸರು ಗೀಚಿ ಹೋಗಿದ್ದಾರೆ ಎಂದಾಗ ಮುಂದಿನ ಸಾಲಿನಲ್ಲಿದ್ದ ಅವಳ ಅತ್ತೆ, "ಅವರ ಅಮ್ಮಂದಿರು ಅದೇನು ಕಲಿಸಿದ್ದರೋ!" ಎಂದಿದ್ದರು. ಸಭೆಯೆಲ್ಲ ನಕ್ಕಿತ್ತು. ವನಮಾಲಾಳೂ ನಕ್ಕಿದ್ದಳು.

ಅಷ್ಟು ದೂರದ ಕಲ್ಲುಗಳ ಕಥೆ ಕೇಳಿದ ಹೆಂಗಸರಿಗೆ ಹತ್ತಿರದ್ದೊಂದನ್ನಾದರೂ ನೋಡುವ ಹುರುಪು ಬಂದಿತ್ತು. ನಾಳೆ ಎಲ್ಲರೂ ಇಲ್ಲಿಗೆ ಬರುವವರಿದ್ದರು. ಅತ್ತೆಯೂ. ಏನೇನು ತೋರಿಸಬೇಕೆಂದು ನೋಡಿಕೊಂಡು ಹೋಗಲು ಹೋದ ವಾರ ಒಬ್ಬಳೇ ಬಂದಾಗ ವನಮಾಲಾಳ ಕಣ್ಣಿಗೆ ಇದು ಬಿದ್ದಿತ್ತು.

"ಈ ಹೆಸರಿನಿಂದ ನಾನು ಎಷ್ಟು ಮಾತು ಕೇಳಿದ್ದೇನೆ ಗೊತ್ತುಂಟಾ?" ಅಂಗಾರ ದನಿ ಏರಿಸಿದ. "'ನೋಡು, ನಿಮ್ಮವರದ್ದೇ ಕೆಲಸ' ಅಂತ ಸಾಹೇಬ್ರು ನನ್ನ ಮುಖಕ್ಕೇ ಹೇಳಿದ್ರು. ಅಲ್ಲ, ಇದಕ್ಕೂ ನಿಮಗೂ ಎಂತ ಸಂಬಂಧ?"

ಗಂಡನ ಹೆಸರನ್ನು ಬಾಯಿಂದ ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಡಬ್ಬಿಯ ಮುಚ್ಚಳ ತಿರುಗಿಸಿ ಹಿಡಿದಳು. ಬೇರೆಯವರ ಡಬ್ಬಿಯ ಜೊತೆ ಅದಲುಬದಲಾಗದಿರಲೆಂದು ಅಲ್ಲಿಯೂ ಹೆಸರು ಗೀಚಿತ್ತು. ಅದೇ ಅಕ್ಷರ. ಅದೇ ಮೀನಿನ ಬಾಲ.

"ಅವರದ್ದೇ ಕೈ," ಎಂದಳು. "ಹೋದ ಮಳೆಗಾಲದಲ್ಲಿ ತೀರಿಕೊಂಡರು."

ಅಂಗಾರನ ನೋಟ ಅವಳ ಬರಿಯ ಹಣೆಗೆ ಹೋಗಿ ಕೆಳಗಿಳಿಯಿತು. ಉಳಿಯನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟ. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ.

"ಮತ್ತೆ ಈ ನೀಲಾವತಿ? ನಾಳೆ ಬರುವ ಗುಂಪಿನ ವಿಷಯ ಹೋದ ವಾರ ಆಫೀಸಿನಲ್ಲಿ ಹೇಳಿ ಹೋಗುವಾಗ ನಿಮ್ಮ ಹೆಸರು ವನಮಾಲಾ ಅಂತ ಬರೆಸಿದ್ರಲ್ಲ?"

ಗುಹೆಯೊಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಅವಳು ಡಬ್ಬಿಗೆ ಮುಚ್ಚಳ ಹಾಕಿ ಕಂಬದ ಬುಡದಲ್ಲಿಟ್ಟಳು.

"ನಮ್ಮಲ್ಲಿ ಮದುವೆಯಾದ ಮೇಲೆ ಹುಡುಗಿಯ ಹೆಸರು ಬದಲಾಯಿಸುತ್ತಾರೆ."

"ಹೌದೌದು! ಕೊಂಕಣಿಯವರಲ್ಲಿ ಉಂಟು ಅದು." ಅಂಗಾರನ ಮುಖ ಅರಳಿತು. "ಹಾಗಾದ್ರೆ ಮದುವೆಗೆ ಮೊದಲೇ ಇಬ್ಬರೂ ಕದ್ದು ಬಂದದ್ದಾ ಇಲ್ಲಿಗೆ? ಭಾರಿ ಧೈರ್ಯ ಮಾರಾಯ್ರೆ ನಿಮ್ಮದು!" ನಗು ಅರ್ಧಕ್ಕೆ ನಿಂತಿತು. "ತಪ್ಪು ತಿಳೀಬೇಡಿ, ಅಮ್ಮ."

ಅವಳ ಕಿವಿಗಳು ಉರಿಯುತ್ತಿದ್ದವು. ತಲೆ ತಗ್ಗಿಸಿದಳು. ಇಲ್ಲ ಎನ್ನಲಿಲ್ಲ.

"ಉಳಿ ಬೇಡ. ಕಂಬಕ್ಕೆ ಇನ್ನೊಂದು ಗಾಯ ಆಗ್ತದೆ," ಎಂದವನೇ ಅಂಗಾರ ತೊಟ್ಟಿಯ ಬಳಿಯ ಮಣ್ಣಿಗೆ ಕಲ್ಲಿನ ಪುಡಿ ಬೆರೆಸಿ ಕಲಸಿ ತಂದ. "ಎರಡನ್ನೂ ಮುಚ್ಚುದಲ್ವಾ?"

"ಕೆಳಗಿನದು ಮಾತ್ರ ಸಾಕು."

"ಛೆ, ನಿಮ್ಮದನ್ನೇ ಅಳಿಸುದಾ?"

"ಅವರದು ಇರಲಿ. ಅತ್ತೆ ಬೈಯುತ್ತಾರೆ. ಬೈದು, ಆಮೇಲೆ ಮುಟ್ಟಿ ನೋಡುತ್ತಾರೆ. ಅಷ್ಟಾದರೂ ಅವರಿಗಿರಲಿ."

ಅಂಗಾರ ಕಂಬದ ಹತ್ತಿರ ಸರಿದ. ಹೆಬ್ಬೆರಳಿನಿಂದ ಒಂದೊಂದೇ ಅಕ್ಷರಕ್ಕೆ ಮಣ್ಣು ಒತ್ತಿದ. ನೀ ಹೋಯಿತು, ಲಾ ಹೋಯಿತು. ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಯಜಮಾನ್ರಿಗೂ ನಿಮ್ಮ ಹಾಗೆ ಈ ಹಳೇ ಜಾಗ ನೋಡುವ ಹುಚ್ಚಿತ್ತಾ?"

"ಇರಲಿಲ್ಲ. ಎಷ್ಟು ಕರೆದರೂ ಬಿಡುವಿಲ್ಲ ಎನ್ನುತ್ತಿದ್ದರು. ಭಾನುವಾರವೂ ಭಾಂಡುಪಿನ ಕಾರ್ಖಾನೆ."

"ಆದ್ರೂ ನಿಮಗೋಸ್ಕರ ಒಮ್ಮೆ ಬಂದ್ರಲ್ಲ! ಅದು ದೊಡ್ಡದು, ಅಮ್ಮ."

ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಳು ಎಂದುಕೊಂಡು ಅಂಗಾರ ಮುಖ ಆಚೆ ತಿರುಗಿಸಿದ.

ಕೆಲಸ ಮುಗಿಯಿತು. ಒಣಗಿದ ಮೇಲೆ ಹುಡುಕಿದರೂ ಸಿಗಲಾರದು ಎಂದ. ಅವಳು ಕೈ ಮುಗಿದು, ಚೀಲ ಹೆಗಲಿಗೇರಿಸಿ, ಬಿಸಿಲಿನ ಮೆಟ್ಟಿಲುಗಳನ್ನು ಬೇಗ ಬೇಗ ಇಳಿದಳು. ಡಬ್ಬಿ ಕಂಬದ ಬುಡದಲ್ಲೇ ಉಳಿದಿತ್ತು. ಅಂಗಾರ ಅದನ್ನೆತ್ತಿಕೊಂಡು ಹೊರಗೆ ಓಡಿದ. ಯಾವ ಹೆಸರಿನಿಂದ ಕರೆಯಲಿ ಎಂದು ಒಂದು ಕ್ಷಣ ಯೋಚಿಸಿದ. ಯಾರೂ ಕರೆಯದ ಹಳೆಯ ಹೆಸರು ಕೇಳಿದರೆ ಆ ಬಡಪಾಯಿಗೆ ಸಂತೋಷವಾದೀತು ಎನಿಸಿತು.

"ನೀಲಾವತಿಯಮ್ಮಾ!"

ಅವಳು ಹೊಡೆತ ಬಿದ್ದವಳಂತೆ ನಿಂತಳು. ಆದರೆ ಅವನತ್ತ ತಿರುಗಲಿಲ್ಲ. ಬೋರಿವಲಿಯ ಕಡೆಯಿಂದ ಹತ್ತಿ ಬರುತ್ತಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ, ಗಾಬರಿಯಿಂದ, ಹುಡುಕತೊಡಗಿದಳು.

ಮದುವೆಗೆ ಮೊದಲು ಅವಳು ವಿನೋದಿನಿ. ನೀಲಾವತಿಯ ಮುಖವನ್ನು ಅವಳು ಎಂದೂ ನೋಡಿರಲಿಲ್ಲ.